ಕ್ಯೂ ಅನ್ನೋ ಪದದ ಮೂಲ ಏನು? ಕನ್ನಡದಲ್ಲಿ ಅದಕ್ಕೆ ಸಾಲು ಅನ್ನಬೇಕಾ, ಸರದಿ ಅನ್ನಬೇಕಾ?

ಪದಗುಂಗು:

ಎಲ್ರಿಗೂ ನಮಸ್ಕಾರ. ನಾವು ಕೆಲವರು ಸೇರ್ಕೊಂಡು ಒಂದು ಮುಕ್ತ ತಂತ್ರಾಂಶವನ್ನ ಕನ್ನಡಕ್ಕೆ ತರ್ತಾ ಇದೀವಿ, ಅಂದ್ರೆ ಅದರ ಮೆನು, ಬಟನ್ನು, ಎರರ್ ಮೆಸೇಜು ಎಲ್ಲಾ. ಬೇರೆ ಪದಗಳೆಲ್ಲ ಹೇಗೋ ದಾರಿಗೆ ಬಂದ್ವು, ಆದ್ರೆ ಈ ಕ್ಯೂ ಅನ್ನೋದೊಂದು ಮಾತ್ರ ಎಲ್ಲೂ ಸರಿಯಾಗಿ ಕೂರ್ತಾ ಇಲ್ಲ. ಪ್ರಿಂಟಿಗೆ ಕಳಿಸಿದ ಫೈಲುಗಳು ಕಾಯ್ತಾ ಇರೋ ಪಟ್ಟಿಗೆ ಒಬ್ರು "ಮುದ್ರಣ ಸಾಲು" ಅಂತ ಬರೆದಿದಾರೆ, ಹಾಡು ಸೇರಿಸೋ ಬಟನ್ನಿಗೆ ಇನ್ನೊಬ್ರು "ಸರದಿಗೆ ಸೇರಿಸಿ" ಅಂತ ಹಾಕಿದಾರೆ, ಸಹಾಯದ ಚಾಟಲ್ಲಿ "ನೀವು ಕ್ಯೂನಲ್ಲಿ 4ನೇಯವರು" ಅಂತ ಇದೆ. ತಂತ್ರಾಂಶ ಒಂದೇ, ಮೂಲಪದ ಒಂದೇ, ಕನ್ನಡ ಮಾತ್ರ ಮೂರು. ಬಳಸೋರಿಗೆ ಇವು ಮೂರೂ ಬೇರೆ ಬೇರೆ ವಿಷಯ ಅಂತಲೇ ಅನ್ಸುತ್ತೆ.

ಒಂದನ್ನೇ ಇಟ್ಕೊಳೋಣ ಅಂದ್ರೆ ಯಾವುದು ಅನ್ನೋದ್ರಲ್ಲಿ ಒಮ್ಮತ ಇಲ್ಲ. ಸಾಲು ಅಂದ್ರೆ ಬರೀ ಆಕಾರ ಆಯ್ತು, ಮರಗಳೂ ಸಾಲಾಗಿರ್ತವೆ, ಬೆಟ್ಟಗಳೂ ಸಾಲಾಗಿರ್ತವೆ, ಅವು ಯಾವುದಕ್ಕೂ ಕಾಯ್ತಾ ಇರಲ್ಲ. ಸರದಿ ಅಂದ್ರೆ ನನ್ನ ಟರ್ನು, ಅದಕ್ಕೆ ನಿಂತ್ಕೊಳ್ಳೋದೇ ಬೇಕಿಲ್ಲ. ಆದ್ರೆ ಕ್ಯೂ ಅಂದ ತಕ್ಷಣ ಎರಡೂ ಒಟ್ಟಿಗೆ ತಲೆಗೆ ಬರುತ್ತೆ, ಒಬ್ಬರ ಹಿಂದೆ ಒಬ್ಬರು ನಿಂತಿರೋದೂ ಬರುತ್ತೆ, ಮೊದಲು ಬಂದವರಿಗೆ ಮೊದಲು ಅನ್ನೋ ನ್ಯಾಯವೂ ಬರುತ್ತೆ. ಹಾಗಾಗಿ ಈ ಪದದ ಬುಡದಲ್ಲಿ ಏನಿದೆ ಅಂತ ತಿಳ್ಕೊಳ್ಳೋ ಆಸೆ. ಮೂಲದಲ್ಲಿ ಅದು ಸಾಲನ್ನ ಹೇಳ್ತಿತ್ತಾ ಕಾಯೋದನ್ನ ಹೇಳ್ತಿತ್ತಾ? ಇಂಗ್ಲಿಷಲ್ಲಿ ಬರೆಯೋದು ಐದಕ್ಷರ, ಬಾಯಲ್ಲಿ ಬರೋದು ಮೊದಲಕ್ಷರದ ಹೆಸರು ಒಂದೇ, ಅದು ಯಾಕೆ ಹಾಗೆ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಬೇರುಬಿಳಲು:

ಕ್ಯೂ ಅಂದ್ರೆ ಬಾಲ. ಫ್ರೆಂಚ್ ಪದ ಅದು, ಆ ಭಾಷೇಲಿ ಇವತ್ತಿಗೂ ಪ್ರಾಣಿಯ ಬಾಲಕ್ಕೂ ಜನ ನಿಂತ ಸಾಲಿಗೂ ಅದೇ ಪದ. ಅದರ ಹಿಂದೆ ಲ್ಯಾಟಿನ್ನಿನ ಕೌಡಾ, ಅದರದ್ದೇ ಇನ್ನೊಂದು ರೂಪ ಕೋಡಾ, ಎರಡಕ್ಕೂ ಬಾಲ ಅಂತಲೇ ಅರ್ಥ. ಐದಕ್ಷರದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ, ಸ್ಪೆಲ್ಲಿಂಗ್ ಫ್ರೆಂಚರದ್ದು ಉಚ್ಚಾರಣೆ ಇಂಗ್ಲಿಷರದ್ದು. ಫ್ರೆಂಚರು ತುಟಿ ದುಂಡಗೆ ಮಾಡ್ಕೊಂಡು "ಕೇ" ಅಂದ ಹಾಗೆ ಅಂತಾರೆ, ಆ ಸ್ವರವನ್ನ ತೋರಿಸೋಕೆ ಅವರಿಗೆ ಅಷ್ಟೊಂದು ಅಕ್ಷರ ಬೇಕಾಯ್ತು. ಇಂಗ್ಲಿಷರು ಬರವಣಿಗೆಯನ್ನ ಹಾಗೇ ಇಟ್ಕೊಂಡು ಸದ್ದನ್ನ ತಮ್ಮದಕ್ಕೆ ಬದಲಾಯಿಸಿಕೊಂಡ್ರು.

ಇಂಗ್ಲಿಷಿಗೆ ಬಂದ ಹೊಸದರಲ್ಲಿ ಇದಕ್ಕೂ ಜನ ಕಾಯೋದಕ್ಕೂ ಸಂಬಂಧವೇ ಇರಲಿಲ್ಲ. 15ನೇ ಶತಮಾನದ ಕೊನೇಲಿ ಸಿಗೋ ಅರ್ಥ ಅಂದ್ರೆ ಪತ್ರಕ್ಕೆ ಸೇರಿಸಿದ ಒಂದು ಪಟ್ಟಿ, ಅದರ ತುದೀಲಿ ಅರಗಿನ ಮುದ್ರೆ ನೇತಾಡ್ತಿರುತ್ತೆ, ಪತ್ರಕ್ಕೆ ಬಾಲ ಬಂದ ಹಾಗೆ. 16ನೇ ಶತಮಾನದಲ್ಲಿ ರಾಜಮನೆತನದ ಲಾಂಛನಗಳನ್ನ ವಿವರಿಸೋರು ಪ್ರಾಣಿಯ ಬಾಲಕ್ಕೇ ನೇರವಾಗಿ ಈ ಪದ ಬಳಸಿದ್ರು. ಬೊಹೀಮಿಯಾದ ಲಾಂಛನದ ಸಿಂಹ ನೋಡಿದೀರಾ, ಅದರ ಬಾಲ ಎರಡಾಗಿ ಸೀಳಿರುತ್ತೆ, ಇವತ್ತಿನ ಜೆಕ್ ಗಣರಾಜ್ಯದ ಲಾಂಛನದಲ್ಲೂ ಅದೇ ಸಿಂಹ ಇದೆ, ಆ ಸೀಳುಬಾಲಕ್ಕೆ ಲಾಂಛನದ ಪರಿಭಾಷೇಲಿ ಇದೇ ಕ್ಯೂ ಸೇರಿದ ಹೆಸರಿದೆ. ಆಮೇಲೆ 18ನೇ ಶತಮಾನದ ಮಧ್ಯದಲ್ಲಿ ಗಂಡಸರು ಬೆನ್ನ ಮೇಲೆ ಇಳಿಬಿಡ್ತಿದ್ದ ಜಡೆಗೆ ಈ ಹೆಸರು ಬಂತು, ಮೊದಲು ವಿಗ್ಗಿನ ಜಡೆಗೆ, ಆಮೇಲೆ ಸ್ವಂತ ಕೂದಲಿನ ಜಡೆಗೆ. ಬ್ರಿಟಿಷ್ ಸೈನಿಕರೂ ಹೀಗೆ ಜಡೆ ಕಟ್ತಿದ್ರು, 1808ರಲ್ಲಿ ಆಜ್ಞೆ ಹೊರಡಿಸಿ ಅದನ್ನ ತೆಗೆಸಿದ್ರು.

ಜನರ ಸಾಲು ಅನ್ನೋ ಅರ್ಥದಲ್ಲಿ ಇಂಗ್ಲಿಷಲ್ಲಿ ಸಿಕ್ಕಿರೋ ಮೊದಲ ಬಳಕೆ 1837ರದ್ದು. ಥಾಮಸ್ ಕಾರ್ಲೈಲ್ ಫ್ರೆಂಚ್ ಕ್ರಾಂತಿಯ ಇತಿಹಾಸ ಬರೆದಾಗ ಪ್ಯಾರಿಸ್ಸಿನಲ್ಲಿ ಬ್ರೆಡ್ಡಿನ ಅಂಗಡಿ ಮುಂದೆ ಜನ ತಾವಾಗೇ ಸಾಲುಗಟ್ಟಿ ನಿಲ್ತಿದ್ದದ್ದನ್ನ ವರ್ಣಿಸಿ, ಹೀಗೆ ನಿಲ್ಲೋದು ಫ್ರೆಂಚ್ ಜನರದ್ದೇ ಒಂದು ವಿಶೇಷ ಗುಣ ಅನ್ನೋ ಹಾಗೆ ಬರೀತಾರೆ. ಇವತ್ತು ಕ್ಯೂ ಅಂದ್ರೆ ಎಲ್ಲರಿಗೂ ಬ್ರಿಟಿಷರೇ ನೆನಪಾಗೋದು, ಆದ್ರೆ ಆ ಪದವನ್ನ ಅವರ ಭಾಷೆಗೆ ತಂದ ಪುಸ್ತಕಕ್ಕೆ ಅದು ಹೊರದೇಶದವರ ಅಭ್ಯಾಸ. ಅದನ್ನ ಕ್ರಿಯಾಪದವಾಗಿ, ಅಂದ್ರೆ ಸಾಲಲ್ಲಿ ನಿಲ್ಲು ಅನ್ನೋ ಅರ್ಥದಲ್ಲಿ ಬಳಸೋಕೆ ಶುರುವಾಗಿದ್ದು ಇನ್ನೂ ತಡ, 1890ರ ದಶಕದಲ್ಲಿ.

ಫ್ರೆಂಚಲ್ಲಿ ಒಬ್ಬರ ಹಿಂದೊಬ್ಬರು ನಡೆಯೋದಕ್ಕೆ ಒಂದು ಹಳೇ ಮಾತಿದೆ, ಮಕ್ಕಳ ಆಟದಲ್ಲಿ ಈಗಲೂ ಕೇಳುತ್ತೆ, ಬಿಡಿಸಿ ನೋಡಿದ್ರೆ "ತೋಳದ ಬಾಲಕ್ಕೆ ತೋಳ" ಅಂತ ಅರ್ಥ ಬರುತ್ತೆ. ಅದರಲ್ಲಿರೋ ತೋಳದ ಪದ ಎಷ್ಟು ಹಳೇದು ಅಂದ್ರೆ ಇವತ್ತಿನ ಫ್ರೆಂಚಲ್ಲಿ ಬೇರೆಲ್ಲೂ ಆ ರೂಪ ಬಳಕೇಲಿಲ್ಲ. ಮುಂದಿನ ತೋಳದ ಬಾಲ ನೋಡ್ಕೊಂಡು ಹಿಂದಿನ ತೋಳ ನಡೆಯೋ ಆ ದೃಶ್ಯದಲ್ಲೇ ಬಾಲ ಅನ್ನೋದು ಸಾಲು ಆಗಿದ್ದು ಕಾಣುತ್ತೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಬುಡದಲ್ಲಿರೋದು ಆಕಾರ. ಕಾಯೋದು, ಸರದಿ, ನ್ಯಾಯ ಇದೆಲ್ಲ ಆಮೇಲೆ ಬಂದು ಸೇರ್ಕೊಂಡಿದ್ದು.

ಇದೇ ಬಾಲದಿಂದ ಹುಟ್ಟಿದ ಬೇರೆ ಪದಗಳೂ ಇವೆ. ಪಾಶ್ಚಾತ್ಯ ಸಂಗೀತದಲ್ಲಿ ರಚನೆಯ ಕೊನೇ ಭಾಗಕ್ಕೆ ಕೋಡಾ ಅಂತಾರಲ್ಲ ಅದು ಇದೇ. ಹೇಡಿ ಅನ್ನೋದಕ್ಕಿರೋ ಕವರ್ಡ್ ಕೂಡ ಇದೇ, ಹೆದರಿದ ಪ್ರಾಣಿ ಬಾಲ ಮುದುರೋದು ಅಥವಾ ಬಾಲ ತೋರಿಸಿ ಓಡೋದು ಅದರ ಹಿನ್ನೆಲೆ. ಬಿಲಿಯರ್ಡ್ಸ್ ಆಡೋ ಕೋಲಿಗೂ ಕ್ಯೂ ಅಂತಾರೆ, ಮೊದಲು ಅವರು ಆಡ್ತಿದ್ದದ್ದು ತುದೀಲಿ ದಪ್ಪ ತಲೆ ಇರೋ ಕೋಲಲ್ಲಿ, ಚೆಂಡು ಅಂಚಿಗೆ ಅಂಟ್ಕೊಂಡಾಗ ಆ ತಲೆ ಕಡೆಯಿಂದ ಹೊಡೆಯೋಕೆ ಆಗ್ದೆ ಕೋಲನ್ನ ತಿರುಗಿಸಿ ಹಿಡಿ ಕಡೆಯಿಂದ ಅಂದ್ರೆ ಬಾಲದ ಕಡೆಯಿಂದ ಹೊಡೀತಿದ್ರು, ಕೊನೆಗೆ ಆ ಬಾಲವೇ ಆಟದ ಕೋಲಾಯ್ತು.

ಹರಟೆಜಗಲಿ:

ಓದಿ ಮೈ ಜುಂ ಅಂತು. ಯಾಕಂದ್ರೆ ನಾವು ಕನ್ನಡದಲ್ಲಿ ಈ ಫ್ರೆಂಚು ಲ್ಯಾಟಿನ್ನು ಯಾವುದೂ ಗೊತ್ತಿಲ್ದೇನೇ "ಸರತಿ ಸಾಲು ಹನುಮಂತನ ಬಾಲದ ಹಾಗೆ ಬೆಳೆದಿತ್ತು" ಅಂತೀವಲ್ಲ! ಪೇಪರ್ರಲ್ಲೂ ಹಾಗೇ ಬರೀತಾರೆ. ಅಲ್ಲಿಯವರು ಬಾಲ ಅಂದ್ರು, ನಾವೂ ಬಾಲವೇ ಅಂದ್ವಿ, ನಮ್ಮದು ಮಾತ್ರ ಎಷ್ಟು ಬೇಕಾದ್ರೂ ಬೆಳೆಯೋ ಬಾಲ.

ಒಂದು ಸಂದೇಹ. ಇಂಗ್ಲಿಷಿನ ಕ್ಯೂ ಅಕ್ಷರಕ್ಕೆ ಕೆಳಗೆ ಪುಟ್ಟ ಬಾಲ ಇದೆ, ದುಂಡಗಿದ್ದು ಬಲಗಡೆ ಒಂದು ಗೆರೆ ಇಳಿದಿರುತ್ತೆ. ಆ ಬಾಲದಿಂದಲೇ ಅಕ್ಷರಕ್ಕೆ ಆ ಹೆಸರು ಬಂದಿರಬೇಕು ಅಲ್ವಾ? ಇನ್ನೊಂದು, ಚೀನಾದವರ ಹಳೇ ಫೋಟೋಗಳಲ್ಲಿ ಗಂಡಸರಿಗೆ ಉದ್ದ ಜಡೆ ಇರುತ್ತೆ, ಅದಕ್ಕೂ ಇಂಗ್ಲಿಷಲ್ಲಿ ಕ್ಯೂ ಅಂತಲೇ ಹೆಸರು. ಒಬ್ಬರ ಹಿಂದೆ ಒಬ್ಬರು ನಿಂತಾಗ ಮುಂದಿನವರ ಜಡೆ ಕಾಣೋದ್ರಿಂದ ಸಾಲಿಗೆ ಆ ಹೆಸರು ಬಂತು ಅಂತ ಎಲ್ಲೋ ಓದಿದ ನೆನಪು.

ಬೇರುಬಿಳಲು:

ಹನುಮಂತನ ಬಾಲದ ಮಾತು ಚೆನ್ನಾಗಿ ನೆನಪಿಸಿದ್ರಿ, ನನಗೆ ಬರೆಯುವಾಗ ಹೊಳೀಲಿಲ್ಲ.

ಆದ್ರೆ ನೀವು ಹೇಳಿದ ಎರಡೂ ಹಾಗಲ್ಲ. ಅಕ್ಷರದ ಕತೆ ಪೂರ್ತಿ ಬೇರೆ, ಅದು ಫಿನೀಷಿಯನ್ನರ ಕೋಫ್ ಅನ್ನೋ ಅಕ್ಷರದಿಂದ ಗ್ರೀಕರ ಕೊಪ್ಪಾ ಆಗಿ ಲ್ಯಾಟಿನ್ನಿಗೆ ಬಂದಿದ್ದು, ಲ್ಯಾಟಿನ್ನಲ್ಲಿ ಅದರ ಹೆಸರು "ಕೂ". ಫ್ರೆಂಚರ ಬಾಲಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ, ಇಂಗ್ಲಿಷ್ ಬಾಯಲ್ಲಿ ಎರಡೂ ಒಂದೇ ಸದ್ದಾಗಿ ಬಂದು ನಿಂತ್ವು ಅಷ್ಟೆ.

ಚೀನಾದ ಜಡೆ ವಿಷಯ ಗಂಭೀರವಾದ್ದು. ಈಶಾನ್ಯದ ಕಡೆಯ ಮಂಚೂ ಜನ ಬೀಜಿಂಗ್ ಹಿಡಿದದ್ದು 1644ರಲ್ಲಿ, ಮರುವರ್ಷವೇ ಹಾನ್, ಅಂದ್ರೆ ಚೀನಾದ ಬಹುಸಂಖ್ಯಾತ ಜನಾಂಗದ, ಗಂಡಸರೆಲ್ಲ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡಬೇಕು ಅಂತ ಆಜ್ಞೆ ಮಾಡಿದ್ರು, ಒಪ್ಪದವರ ತಲೆ ಹೋಗ್ತಿತ್ತು. ಆ ಜಡೆ ಆಳ್ವಿಕೆಗೆ ತಲೆಬಾಗಿದ ಗುರುತಾಗಿ ಉಳಿದು 1911ರ ಕ್ರಾಂತಿ ಆದ್ಮೇಲೆ ಹೋಯ್ತು. ಆದ್ರೆ ಯುರೋಪಿನವರು ಅದಕ್ಕೆ ಕ್ಯೂ ಅಂದದ್ದು ತಮ್ಮಲ್ಲಿ ಜಡೆಗೆ ಆಗಲೇ ಆ ಪದ ಇತ್ತು ಅಂತ. ಜಡೆ ಮತ್ತು ಜನರ ಸಾಲು ಎರಡೂ ಬಾಲ ಅನ್ನೋ ಒಂದೇ ತಾಯಿಯ ಮಕ್ಕಳು, ಜಡೆಯಿಂದ ಸಾಲು ಹುಟ್ಟಿಲ್ಲ.

ಜವಾರಿಮಾತು:

ನೀವೆಲ್ಲ ಸಾಲು ಸರದಿ ಅಂತ ಕುಂತೀರಿ, ಉತ್ತರ ಕರ್ನಾಟಕದ ಮಾತಿನ್ಯಾಗ ಪಾಳಿ ಅಂತ ಒಂದು ಚಲೋ ಪದ ಐತಿ, ಅದನ್ನ ಯಾರೂ ಎತ್ತಲೇ ಇಲ್ಲ. ಪಾಳಿ ಹಚ್ಚೂದು ಅಂದ್ರ ಕ್ಯೂ ನಿಲ್ಲೂದು. "ಪಾಳಿ ಹಚ್ರಿ" ಅಂದ್ರ ಒಬ್ಬರ ಹಿಂದ ಒಬ್ಬರು ನಿಲ್ರಿ ಅಂತ. "ನನ್ನ ಪಾಳಿ ಬಂತು" ಅಂದ್ರ ನನ್ನ ಸರದಿ ಬಂತು ಅಂತ. "ಪಾಳಿ ತಪ್ಪಿಸಿ ಬರಬ್ಯಾಡ್ರಿ" ಅಂದ್ರ ನಡುವ ನುಗ್ಗಬ್ಯಾಡ್ರಿ ಅಂತ. ಮೊದಲ ಪ್ರಶ್ನಾ ಕೇಳಿದವ್ರು ಸಾಲು ಮತ್ತ ಸರದಿ ಎರಡೂ ಒಂದ ಪದದಾಗ ಬರಬೇಕು ಅಂತ ಹುಡುಕಾಕತ್ತಾರಲ್ಲ, ಅದು ಇಲ್ಲಿ ಆಗಲೇ ಆಗೇತಿ ನೋಡ್ರಿ.

ಸಂಸ್ಕೃತದ ಪಾಲಿ ಅಂದ್ರ ಸಾಲು, ಅಂಚು ಅಂತ ಅರ್ಥ ಐತಿ. ಬೌದ್ಧರ ಪಾಳಿ ಭಾಷಾದ ಹೆಸರೂ ಗ್ರಂಥದ ಸಾಲು, ಮೂಲಪಾಠ ಅನ್ನೂದರಿಂದ ಬಂದದ್ದು. ಮರಾಠಿಯೊಳಗೂ ಪಾಳೀ ಅಂದ್ರ ಸರದಿ. ಇಲ್ಲೂ ಅದ ದಾರಿ ಕಾಣತೈತಿ ನೋಡ್ರಿ, ಮೊದಲ ಆಕಾರ, ಆಮ್ಯಾಲೆ ಸರದಿ. ಬಾಲದ್ದು ಏನಾಗೈತೋ ಪಾಳಿದೂ ಅದ ಆಗೈತಿ. ದಕ್ಷಿಣದ ಕಡೆಯವ್ರಿಗೆ ಈ ಪದ ಹೊಸದೇನಲ್ಲ, ಹಗಲು ಪಾಳಿ ರಾತ್ರಿ ಪಾಳಿ ಅಂತ ಎಲ್ಲಾರೂ ಅಂತೀರಿ, ಕೆಲಸದ ಸರದಿ ಅಂತ ಅದರ ಅರ್ಥ. ಹಿಂಗಾಗಿ ನಾ ಅಂತೂ ತಂತ್ರಾಂಶದಾಗ ಪಾಳಿ ಅಂತ ಹಾಕ್ರಿ ಅಂತೀನಿ.

ಸುರುಳಿಕೋಡು:

ಪಾಳಿ ಹಚ್ಚೋದು ಅನ್ನೋ ಮಾತು ಕೇಳೋಕೇ ಖುಷಿ, ಆದ್ರೆ ದಕ್ಷಿಣದ ಓದುಗರು "ಮುದ್ರಣ ಪಾಳಿ" ಅಂತ ನೋಡಿದ್ರೆ ಪ್ರೆಸ್ಸಲ್ಲಿ ರಾತ್ರಿ ಡ್ಯೂಟಿ ಅಂದ್ಕೊಳ್ತಾರೆ, ಆ ಒಂದು ತೊಡಕಿದೆ.

ನಾನು ಪ್ರೋಗ್ರಾಮಿಂಗ್ ಕಡೆಯಿಂದ ಹೇಳ್ತೀನಿ, ಯಾಕಂದ್ರೆ ನಿಮ್ಮ ಪದ ಕೊನೆಗೆ ಕೂರೋದು ಅಲ್ಲೇ. ಕಂಪ್ಯೂಟರಲ್ಲಿ ಕ್ಯೂ ಅಂದ್ರೆ ಮೊದಲು ಬಂದದ್ದು ಮೊದಲು ಹೊರಗೆ ಹೋಗೋ ವ್ಯವಸ್ಥೆ. ಅದರ ಪಕ್ಕದಲ್ಲೇ ಸ್ಟ್ಯಾಕ್ ಅಂತ ಇನ್ನೊಂದಿದೆ, ಅಲ್ಲಿ ಕೊನೇಲಿ ಬಂದದ್ದು ಮೊದಲು ಹೊರಗೆ ಹೋಗುತ್ತೆ. ಎರಡನ್ನೂ ಕಾಗದದ ಮೇಲೆ ಚಿತ್ರ ಬರೆದು ತೋರಿಸಿ ಅಂದ್ರೆ ಎರಡೂ ಸಾಲೇ, ಬಾಕ್ಸು ಪಕ್ಕ ಬಾಕ್ಸು. ಹಾಗಿದ್ರೆ ಸಾಲು ಅನ್ನೋ ಪದ ಇವೆರಡರ ನಡುವಿನ ವ್ಯತ್ಯಾಸವನ್ನ ಹೇಳೋದೇ ಇಲ್ಲ. ವ್ಯತ್ಯಾಸ ಇರೋದು ಯಾರ ಸರದಿ ಯಾವಾಗ ಅನ್ನೋದ್ರಲ್ಲಿ.

ಅದಕ್ಕಿಂತ ದೊಡ್ಡ ವಿಷಯ ಏನಂದ್ರೆ ಮೆಮೊರಿ ಒಳಗೆ ಎಷ್ಟೋ ಸಲ ಸಾಲು ಅನ್ನೋದೇ ಇರಲ್ಲ. ಲಿಂಕ್ಡ್ ಲಿಸ್ಟ್ ಬಳಸಿ ಕ್ಯೂ ಮಾಡಿದ್ರೆ ಒಂದೊಂದು ಐಟಮ್ಮು ಒಂದೊಂದು ಮೂಲೇಲಿ ಬಿದ್ದಿರುತ್ತೆ, ಪ್ರತಿಯೊಂದಕ್ಕೂ ತನ್ನ ನಂತರ ಯಾರು ಅನ್ನೋ ವಿಳಾಸ ಮಾತ್ರ ಗೊತ್ತು. ಅರೇ (array), ಅಂದ್ರೆ ಮೆಮೊರೀಲಿ ಪಕ್ಕಪಕ್ಕದ ಜಾಗಗಳ ಪಟ್ಟಿ, ಬಳಸಿದ್ರೆ ಸಾಮಾನ್ಯವಾಗಿ ಅದನ್ನ ಉಂಗುರದ ಥರ ಬಳಸ್ತೀವಿ, ಕೊನೇ ಜಾಗ ತುಂಬಿದ್ಮೇಲೆ ಮೊದಲಲ್ಲಿ ಖಾಲಿ ಆಗಿರೋ ಜಾಗಕ್ಕೇ ಮುಂದಿನದು ಬಂದು ಕೂರುತ್ತೆ, ಅಲ್ಲಿ ತಲೆಯ ಹಿಂದೆಯೇ ಬಾಲ ಇರಬಹುದು. ಅದರ ಒಳಗೆ ಆಕಾರ ಯಾವುದಿದ್ರೂ ನಡೆಯುತ್ತೆ, ಸರದಿ ತಪ್ಪಿದ್ರೆ ಮಾತ್ರ ಅದು ಕ್ಯೂ ಅಲ್ಲ.

ಇದು ಕಂಪ್ಯೂಟರಿಗಿಂತ ಹಳೇ ಅರಿವು. ಕ್ಯೂಗಳ ಗಣಿತ ಶುರುವಾಗಿದ್ದೇ ಟೆಲಿಫೋನಿಂದ. ಡೆನ್ಮಾರ್ಕಿನ ಅಗ್ನರ್ ಕ್ರಾರುಪ್ ಎರ್ಲಾಂಗ್ ಅನ್ನೋರು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನೀಲಿ ಕೆಲಸ ಮಾಡ್ತಾ 1909ರಲ್ಲಿ ಕರೆಗಳು ಯಾವ ಲೆಕ್ಕದಲ್ಲಿ ಬರ್ತವೆ ಅನ್ನೋದರ ಮೇಲೆ ಪ್ರಬಂಧ ಪ್ರಕಟಿಸಿದ್ರು, ಎಕ್ಸ್‌ಚೇಂಜಿಗೆ ಎಷ್ಟು ಲೈನ್ ಇದ್ರೆ ಜನ ಜಾಸ್ತಿ ಕಾಯ್ಬೇಕಾಗಲ್ಲ ಅನ್ನೋದು ಅವರ ಮುಂದಿದ್ದ ಪ್ರಶ್ನೆ. ಟೆಲಿಫೋನ್ ದಟ್ಟಣೆ ಅಳೆಯೋ ಮಾನಕ್ಕೆ ಅವರದ್ದೇ ಹೆಸರು, ಎರ್ಲಾಂಗ್. ಅಲ್ಲಿ ಕಾಯ್ತಿದ್ದವರು ಯಾರೂ ಒಬ್ಬರ ಹಿಂದೆ ಒಬ್ಬರು ನಿಂತಿರಲಿಲ್ಲ, ಅವರವರ ಮನೇಲಿ ರಿಸೀವರ್ ಹಿಡ್ಕೊಂಡಿದ್ರು. ಬಾಲ ಇಲ್ಲ, ಆದ್ರೂ ಅದು ಕ್ಯೂ.

ಜಾನ್ ಲಿಟಲ್ ಅನ್ನೋರು 1961ರಲ್ಲಿ ಸಾಧಿಸಿ ತೋರಿಸಿದ ಒಂದು ನಿಯಮ ಇದೆ, ನನಗೆ ಬಹಳ ಇಷ್ಟ, ಯಾಕಂದ್ರೆ ಅಷ್ಟು ಸರಳ. ಒಳಗೆ ಸರಾಸರಿ ಎಷ್ಟು ಜನ ಇರ್ತಾರೆ ಅನ್ನೋದು, ನಿಮಿಷಕ್ಕೆ ಎಷ್ಟು ಜನ ಬರ್ತಾರೆ ಅನ್ನೋದನ್ನ ಒಬ್ಬೊಬ್ಬರು ಸರಾಸರಿ ಎಷ್ಟು ನಿಮಿಷ ಇರ್ತಾರೆ ಅನ್ನೋದ್ರಿಂದ ಗುಣಿಸಿದಷ್ಟು. ನಿಮಿಷಕ್ಕೆ 2 ಜನ ಬಂದು ಒಬ್ಬೊಬ್ಬರು 10 ನಿಮಿಷ ಇದ್ರೆ ಯಾವಾಗ ನೋಡಿದ್ರೂ ಹೆಚ್ಚುಕಮ್ಮಿ 20 ಜನ. ಇದನ್ನೇ ತಿರುಗಿಸಿದ್ರೆ ನಿಮ್ಮ ಚಾಟಲ್ಲಿ "ಇನ್ನು ಎಷ್ಟು ಹೊತ್ತು" ಅಂತ ಅಂದಾಜು ತೋರಿಸಬಹುದು. ಈ ನಿಯಮಕ್ಕೆ ಜನ ನೇರ ನಿಂತಿದಾರಾ ಸೊಟ್ಟ ನಿಂತಿದಾರಾ ಕುರ್ಚಿ ಮೇಲೆ ಚದುರಿ ಕೂತಿದಾರಾ ಅನ್ನೋದು ಯಾವುದೂ ಬೇಕಿಲ್ಲ.

ಇದೆಲ್ಲ ನೋಡಿದ್ರೆ ನನ್ನ ಓಟು ಸರದಿಗೆ.

ಎಲ್ಲೆಗಳಾಚೆ:

ಈ ಆಕಾರ ಮತ್ತು ಸರದಿ ಅನ್ನೋ ಎರಡು ದಾರಿ ಕನ್ನಡಕ್ಕೆ ಮಾತ್ರ ಅಲ್ಲ, ಜಗತ್ತಿನ ಭಾಷೆಗಳಲ್ಲೇ ಹೀಗೆ ಎರಡು ಗುಂಪು ಕಾಣುತ್ತೆ.

ಆಕಾರ ನೋಡಿ ಹೆಸರಿಟ್ಟವರಲ್ಲಿ ಬಾಲದವರದ್ದೇ ಮೇಲುಗೈ. ಇಟಾಲಿಯನ್ನಲ್ಲಿ ಕೋಡಾ, ಸ್ಪ್ಯಾನಿಷಲ್ಲಿ ಕೋಲಾ, ಇವು ಲ್ಯಾಟಿನ್ ಮನೆಯವೇ ಬಿಡಿ. ಆದ್ರೆ ಗ್ರೀಕಲ್ಲಿ ಊರಾ ಅಂತಾರೆ, ಅದರ ಅರ್ಥವೂ ಬಾಲ. ಟರ್ಕಿಯವರು ಕುಯ್ರುಕ್ ಅಂತಾರೆ, ಅದೂ ಬಾಲ, ಆ ಭಾಷೆಗೂ ಯುರೋಪಿನ ಇವುಗಳಿಗೂ ಕುಲವೇ ಬೇರೆ. ಜರ್ಮನ್ನರು ಬಾಲ ಬಿಟ್ಟು ಇಡೀ ಪ್ರಾಣಿಯನ್ನೇ ತಗೊಂಡ್ರು, ಶ್ಲಾಂಗೆ, ಅಂದ್ರೆ ಹಾವು. ಹಿಂದಿಯ ಕತಾರ್ ಇದೆಯಲ್ಲ ಅದು ಅರಬ್ಬಿಯಿಂದ ಬಂದದ್ದು, ಒಂದರ ಹಿಂದೊಂದು ಕಟ್ಟಿ ನಡೆಸೋ ಒಂಟೆಗಳ ಸಾಲಿಗೆ ಆ ಹೆಸರು, ಇವತ್ತಿನ ಅರಬ್ಬಿಯಲ್ಲಿ ಅದೇ ಪದಕ್ಕೆ ರೈಲು ಅಂತ ಅರ್ಥ.

ಸರದಿ ನೋಡಿ ಹೆಸರಿಟ್ಟವರು ರಷ್ಯನ್ನರು, ಅವರ ಓಚೆರೆದ್ ಅಂದ್ರೆ ಸರದಿಯೂ ಹೌದು ಕ್ಯೂನೂ ಹೌದು. ಹೀಬ್ರೂವಿನ ತೋರ್ ಕೂಡ ಹಾಗೇ. ಅಂದ್ರೆ ಸರದಿ ಅನ್ನೋ ಒಂದೇ ಪದದಿಂದ ಕ್ಯೂವಿನ ಕೆಲಸ ನಡೆಸಬಹುದು, ನಡೆಸ್ತಿರೋ ಭಾಷೆಗಳೇ ಇವೆ.

ಅಮೆರಿಕದವರು ಇದ್ಯಾವುದೂ ಬೇಡ ಅಂತ ಲೈನ್ ಅಂತಲೇ ಉಳಿಸ್ಕೊಂಡ್ರು, ಕ್ಯೂ ಅನ್ನೋದು ಅಲ್ಲಿಯವರಿಗೆ ಹೆಚ್ಚು ಪರಿಚಯ ಆಗಿದ್ದು ಕಂಪ್ಯೂಟರ್ ಕಡೆಯಿಂದ. ನಾವು ಕನ್ನಡದಲ್ಲಿ ಎರಡನ್ನೂ ಇಟ್ಕೊಂಡಿದೀವಿ, "ಲೈನಲ್ಲಿ ಬನ್ನಿ" ಅನ್ನೋರೂ ಇದಾರೆ "ಕ್ಯೂನಲ್ಲಿ ಬನ್ನಿ" ಅನ್ನೋರೂ ಇದಾರೆ. ಲೈನ್ ಅನ್ನೋದರ ಮೂಲ ಲ್ಯಾಟಿನ್ನಿನ ಲಿನೆಯಾ, ಅಗಸೆ ನಾರಿನ ದಾರ. ನಮ್ಮ ಸಾಲು ಹೊಲದಿಂದ ಬಂದದ್ದು, ನೇಗಿಲು ಎಳೆದ ಗೆರೆಗೆ ಸಾಲು ಅಂತೀವಿ, ತೆಲುಗಿನ ಚಾಲು ತಮಿಳಿನ ಚಾಲ್ ಎಲ್ಲಾ ಅದೇ ನೇಗಿಲ ಗೆರೆ. ಅವರು ದಾರ ಹಿಡಿದು ನೇರ ನೋಡಿದ್ರು, ನಮ್ಮವರು ಉಳುವಾಗ ನೋಡಿದ್ರು.

ಹಳಗನ್ನಡದಲ್ಲಿ ಸಾಲಿಗೆ ಓಳಿ ಅಂತ ಒಂದು ಚಂದದ ಪದ ಇತ್ತು, ಈಗ ಮಾತಲ್ಲಿ ಉಳಿದಿಲ್ಲ. ಇನ್ನೊಂದು ವರಸೆ. ತಮಿಳಿನವರು ಇವತ್ತಿಗೂ ಕ್ಯೂಗೆ ವರಿಸೈ ಅಂತಾರೆ, ತೆಲುಗಲ್ಲಿ ವರುಸ ಅಂದ್ರೆ ಸಾಲು, ಕ್ರಮ. ನಮ್ಮಲ್ಲಿ ಅದೇ ಪದ ಬೇರೆ ಕಡೆ ಹೋಗಿ ಕೂತಿದೆ, ಸಂಗೀತ ಕಲಿಯೋರಿಗೆ ಸರಳೆ ವರಸೆ, ಜಂಟಿ ವರಸೆ ಗೊತ್ತಿರುತ್ತೆ, ಸ್ವರಗಳನ್ನ ಕ್ರಮವಾಗಿ ಜೋಡಿಸಿದ ಪಾಠ ಅದು. ಕತ್ತಿವರಸೆಯಲ್ಲೂ ಅದೇ ವರಸೆ, ಒಂದಾದ ಮೇಲೆ ಒಂದು ಬರೋ ಪಟ್ಟುಗಳು. ಕ್ಯೂಗೆ ಇದನ್ನ ಬಳಸಿ ಅಂತ ಹೇಳ್ತಾ ಇಲ್ಲ, ನಮ್ಮ ಕೈಯಲ್ಲಿ ಏನೇನಿತ್ತು ಅಂತ ತೋರಿಸ್ದೆ.

ಸರದಿಯ ಕಡೆಗೆ ಬಂದ್ರೆ ನನಗೆ ಎಲ್ಲಕ್ಕಿಂತ ಸೊಗಸು ಅನ್ಸೋದು ವಾರ ಅನ್ನೋ ಪದ. ಸಂಸ್ಕೃತದಲ್ಲಿ ವಾರ ಅಂದ್ರೆ ಸರದಿ, ಪಾಳಿ, ಗೊತ್ತಾದ ಹೊತ್ತು. ಸೋಮವಾರ ಅಂದ್ರೆ ಸೋಮನ ಸರದಿ, ಮಂಗಳವಾರ ಮಂಗಳನ ಸರದಿ, ಹೀಗೆ ಏಳು ಗ್ರಹಗಳು ಪಾಳಿ ಪ್ರಕಾರ ಒಬ್ಬೊಬ್ಬರಾಗಿ ದಿನ ನೋಡ್ಕೊಳ್ತಾರೆ. ಆಮೇಲೆ ಏಳು ದಿನದ ಇಡೀ ಸುತ್ತಿಗೇ ಕನ್ನಡದಲ್ಲಿ ವಾರ ಅಂತ ಆಯ್ತು. ಹಿಂದಿಯಲ್ಲಿ ಸರದಿಗೆ ಬಾರೀ ಅಂತಾರಲ್ಲ ಅದೂ ಇದರ ನೆಂಟನೇ.

ಹರಟೆಜಗಲಿ:

ವಾರ ಅಂದ್ರೆ ಸರದಿ! ಇಷ್ಟು ದಿನ ಬಾಯಲ್ಲಿ ಆಡ್ತಾ ಇದ್ದ ಪದ.

ಆದ್ರೂ ನನಗೆ ಒಂದು ಅನ್ಸುತ್ತೆ, ಕ್ಯೂ ಅಂತಲೇ ಬಿಟ್ರೆ ಏನು ತಪ್ಪು? ಅದು ಈಗ ಕನ್ನಡದ್ದೇ ಆಗಿಹೋಗಿದೆ. ಎಂಥ ಹಳ್ಳೀಲೂ ಅಜ್ಜಿ ಕೂಡ ಕ್ಯೂ ಅಂದ್ರೆ ತಿಳ್ಕೊಳ್ತಾರೆ. ಕ್ಯೂ ಕಟ್ಟು ಅಂತೀವಿ, ಸಾಲುಗಟ್ಟು ಅನ್ನೋದರ ಅಚ್ಚಲ್ಲೇ ಇದೆ ಅದು. ಮೇಲಿನವರು ಪಾಳಿ ಹಚ್ಚೂದು ಅಂದ್ರಲ್ಲ ಅದೇ ಥರ ಕ್ಯೂ ಹಚ್ಚು ಅನ್ನೋರೂ ಇದಾರೆ. ವಿಭಕ್ತಿ ಕೂಡ ನಮ್ಮ ನಿಯಮದಂತೆ ಹತ್ತುತ್ತೆ, ಬರೆಯೋವಾಗ ಹೂವಿನಲ್ಲಿ ಅಂದ ಹಾಗೆ ಕ್ಯೂವಿನಲ್ಲಿ, ಮಾತಾಡೋವಾಗ ಕ್ಯೂನಲ್ಲಿ, ಅವಸರದಲ್ಲಿ ಕ್ಯೂಲಿ. ಇಷ್ಟೆಲ್ಲ ಒಗ್ಗಿಕೊಂಡಿರೋ ಪದವನ್ನ ಹೊರಗಿನದು ಅಂತ ಎದ್ದು ಹೋಗು ಅನ್ನೋದು ನ್ಯಾಯ ಅಲ್ಲ.

ಸುರುಳಿಕೋಡು:

ಮಾತಲ್ಲಿ ಖಂಡಿತ ಇರಲಿ, ನಾನೂ ಕ್ಯೂ ಅಂತಲೇ ಅನ್ನೋದು. ಸಮಸ್ಯೆ ಬರೋದು ಸ್ಕ್ರೀನ್ ಮೇಲೆ, ಹಿಂದೆ ಮುಂದೆ ಮಾತಿಲ್ದೆ ಬರೀ ಒಂದು ಪದ ನಿಂತಿರೋವಾಗ. ಇಂಗ್ಲಿಷಲ್ಲಿ ಸ್ಪೆಲ್ಲಿಂಗ್ ನೋಡಿ ಬೇರೆ ಮಾಡ್ಕೊಳ್ಳೋ ಮೂರು ಪದ ಕನ್ನಡ ಲಿಪಿಗೆ ಬಂದ ತಕ್ಷಣ ಒಂದೇ ಆಗುತ್ತೆ. ಅಕ್ಷರ ಕ್ಯೂ, ಸಾಲಿನ ಕ್ಯೂ, ಆಮೇಲೆ ನಾಟಕದಲ್ಲಿ ಮುಂದಿನ ಪಾತ್ರಧಾರಿಗೆ ಸೂಚನೆ ಕೊಡೋ ಕ್ಯೂ. ಈ ಮೂರನೇದರ ಮೂಲ ಬಾಲ ಅಲ್ಲ, 16ನೇ ಶತಮಾನದಿಂದ ಸಿಗೋ ರಂಗಭೂಮಿಯ ಪದ ಅದು, ಲ್ಯಾಟಿನ್ನಿನ ಕ್ವಾಂಡೋ, ಅಂದ್ರೆ ಯಾವಾಗ, ಅನ್ನೋದರ ಮೊದಲಕ್ಷರ ಅಂತ ಸಾಮಾನ್ಯವಾಗಿ ವಿವರಣೆ ಕೊಡ್ತಾರೆ. ಆಡಿಯೋ ತಂತ್ರಾಂಶದಲ್ಲಿ ಈ ಎರಡು ಕ್ಯೂಗಳೂ ಒಂದೇ ಪರದೆ ಮೇಲೆ ಬರೋದುಂಟು, ಒಂದು ಮುಂದೆ ನುಡಿಸೋ ಹಾಡುಗಳದ್ದು, ಇನ್ನೊಂದು ಹಾಡಿನ ಯಾವ ಜಾಗದಿಂದ ಶುರು ಮಾಡ್ಬೇಕು ಅನ್ನೋ ಗುರುತು. ಎರಡಕ್ಕೂ ಕ್ಯೂ ಅಂತ ಬರೆದ್ರೆ ಬಳಸೋರು ಏನು ಮಾಡ್ಬೇಕು? ಜೊತೆಗೆ ಕ್ಯೂಆರ್ ಕೋಡ್ ಬೇರೆ, ಅದರ ಕ್ಯೂ ಬರೀ ಕ್ವಿಕ್ ಅನ್ನೋದರ ಮೊದಲಕ್ಷರ.

ಜವಾರಿಮಾತು:

ಇದು ಖರೇ ಮಾತು. ಹಂಗಂದ್ರ ಸರದಿ ಅಂತ ಇಡ್ರಿ, ಅದು ನಮ್ಮ ಕಡೆನೂ ತಿಳಿತೈತಿ, ನಿಮ್ಮ ಕಡೆನೂ ತಿಳಿತೈತಿ. ಸರದಿ ಓಟ, ಸರದಿ ಉಪವಾಸ ಅಂತ ಎಲ್ಲಾ ಕಡೆ ನಡದ ಪದ. ಆದ್ರ ಒಂದು ವಿನಂತಿ, ಸಾಫ್ಟ್‌ವೇರಿನ್ಯಾಗ ಹುಡುಕೋ ಪೆಟ್ಟಿಗಿ ಇರತೈತಲ್ಲ, ಅಲ್ಲಿ ಯಾರರ ಪಾಳಿ ಅಂತ ಹೊಡದ್ರೂ ಕ್ಯೂ ಅಂತ ಹೊಡದ್ರೂ ಇದ ಜಾಗಾ ತೋರಿಸೂಹಂಗ ಮಾಡ್ರಿ.

ಪದಗುಂಗು:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಪ್ರಶ್ನೆ ಹಾಕಿದಾಗ ಇಷ್ಟು ಸಿಗುತ್ತೆ ಅಂದ್ಕೊಂಡಿರಲಿಲ್ಲ. ಎಲ್ಲಾ ಓದಿ ನಮ್ಮ ಗುಂಪಲ್ಲಿ ಮಾತಾಡಿದ್ವಿ.

ಸ್ಟ್ಯಾಕ್ ಮತ್ತು ಕ್ಯೂ ಎರಡೂ ಸಾಲೇ ಅನ್ನೋ ಮಾತಿಂದ ಸಾಲು ಬಿಟ್ಟುಹೋಯ್ತು, ಒಂದೇ ಪರದೇಲಿ ಎರಡು ಕ್ಯೂ ಅನ್ನೋದ್ರಿಂದ ಕ್ಯೂ ಬಿಟ್ಟುಹೋಯ್ತು. ಸರದಿ ಅಂತ ಇಟ್ಕೊಳ್ತಿದೀವಿ. ಹಾಡಿನ ಬಟನ್ನು "ಸರದಿಗೆ ಸೇರಿಸಿ" ಆಗಲೇ ಇತ್ತು, ಅದು ಹಾಗೇ ಇರುತ್ತೆ. ಪ್ರಿಂಟಿನದು "ಮುದ್ರಣ ಸರದಿ". ಚಾಟಲ್ಲಿ ಮಾತ್ರ "ನೀವು ಸರದಿಯಲ್ಲಿ 4ನೇಯವರು" ಅಂದ್ರೆ ಕೆಲವರಿಗೆ ಬರೀ ಸರದಿ ಅನ್ನೋದು ಕಮ್ಮಿ ಬಿದ್ದ ಹಾಗೆ ಅನ್ಸಿತು, ಜನರ ವಿಷಯ ಆದ್ರಿಂದ "ಸರದಿ ಸಾಲಿನಲ್ಲಿ" ಅಂತ ಪೂರ್ತಿ ಹಾಕೋಣ ಅಂತಿದಾರೆ. ಹುಡುಕೋ ಪೆಟ್ಟಿಗೇಲಿ ಪಾಳಿ, ಕ್ಯೂ, ಸಾಲು, ಸರತಿ ನಾಲ್ಕನ್ನೂ ಸೇರಿಸ್ತೀವಿ, ಅದು ಕಷ್ಟದ ಕೆಲಸ ಅಲ್ಲ.

ಇನ್ನು ಬಾಕಿ ಇರೋದು ಒಂದೇ. ಕೆಲವು ಫೈಲನ್ನ ಬೇರೆಯವಕ್ಕಿಂತ ಮುಂಚೆ ಪ್ರಿಂಟ್ ಮಾಡು ಅಂತ ಹೇಳೋ ವ್ಯವಸ್ಥೆ ಇದೆ, ಅದಕ್ಕೆ "ಆದ್ಯತೆಯ ಸರದಿ" ಅಂದ್ರೆ ಸರಿ ಹೋಗುತ್ತಾ?

ಸುರುಳಿಕೋಡು:

ಸರಿಯಾಗಿದೆ. ಅಲ್ಲಿ ಮೊದಲು ಬಂದವರಿಗೆ ಮೊದಲು ಅನ್ನೋ ನಿಯಮ ಮುರಿಯುತ್ತೆ, ಆದ್ರೂ ಸರದಿ ಅನ್ನೋದು ಇರುತ್ತೆ, ಅದನ್ನ ತೀರ್ಮಾನ ಮಾಡೋ ಅಳತೆ ಮಾತ್ರ ಬದಲಾಗುತ್ತೆ. ಬಟನ್ನಿನ ಮೇಲೆ ಅಷ್ಟುದ್ದ ಹಿಡಿಸದೇ ಹೋದ್ರೆ "ಮುಂದಕ್ಕೆ ತನ್ನಿ" ಅಂತ ಹಾಕಿ, ಒತ್ತೋರಿಗೆ ಬೇಕಾಗಿರೋದು ಅಷ್ಟೇ.

ಬೇರುಬಿಳಲು:

"4ನೇಯವರು" ಅನ್ನೋದನ್ನ "4ನೆಯವರು" ಅಂತ ಮಾಡ್ಕೊಳ್ಳಿ, ಬರವಣಿಗೇಲಿ ಅದು ಸರಿಯಾದ ರೂಪ. ಚಾಟಿಗೆ "ಸರದಿ ಸಾಲಿನಲ್ಲಿ" ಅಂತ ಹಾಕೋದಕ್ಕೆ ನನ್ನದೂ ಒಪ್ಪಿಗೆ.